ಗಿರಣಿಯಲ್ಲಿ ಕಿವಿ ಮುಚ್ಚಿಕೊಂಡ ವರ್ಷ

ನಮ್ಮದು ಅಂಕೋಲೆಯಲ್ಲಿ ಹಿಟ್ಟಿನ ಗಿರಣಿ. ಪೇಟೆ ಮುಗಿದು ಮನೆಗಳು ಶುರುವಾಗುವ ಕಡೆ ರಸ್ತೆಗೆ ಮುಖ ಮಾಡಿ ಗಿರಣಿ, ಅದರ ಬೆನ್ನಿಗೆ ನಾವಿರುವ ಮನೆ. ಗಿರಣಿಯಲ್ಲಿ ಎರಡು ಮಶೀನುಗಳಿದ್ದವು. ಒಂದು ಕಲ್ಲಿನದು, ಅಕ್ಕಿ, ಗೋಧಿ, ರಾಗಿ, ವಡೆಯ ಹಿಟ್ಟು ಎಲ್ಲ ಅದರಲ್ಲಿ. ಇನ್ನೊಂದು ಮೆಣಸು, ಕೊತ್ತಂಬರಿ, ಅರಿಶಿನ ಪುಡಿ ಮಾಡುವ ಕಬ್ಬಿಣದ್ದು. ಕಲ್ಲಿನ ಮಶೀನು ಗುರ್ ಎಂದು ಒಂದೇ ಸಮ ಓಡುತ್ತದೆ, ಹೇಗೋ ಒಗ್ಗಿಕೊಳ್ಳಬಹುದು. ಕಬ್ಬಿಣದ್ದು ಕಿರುಚುತ್ತದೆ. ಅದು ಓಡುವಾಗ ಎದುರಿಗೆ ನಿಂತವರ ಬಾಯಿ ಆಡುವುದು ಕಾಣುತ್ತದೆಯೇ ಹೊರತು ಮಾತು ಕೇಳುವುದಿಲ್ಲ.

ಗಿರಣಿ ಮಾವನ ಕಾಲದ್ದು. ಮದುವೆಯಾಗಿ ಅಗಸೂರಿನಿಂದ ಬಂದ ಹೊಸತರಲ್ಲಿ ನಾನು ಅದರೊಳಗೆ ಕಾಲಿಡುತ್ತಿರಲಿಲ್ಲ. ಬಾಗಿಲಲ್ಲಿ ನಿಂತು ಕೈ ಬೀಸಿ ಊಟಕ್ಕೆ ಕರೆಯುತ್ತಿದ್ದೆ. ಮಾವ ತೀರಿಕೊಂಡು, ಕೆಲಸಕ್ಕಿದ್ದ ಆಳು ಗೋವಾದ ಕಡೆ ಹೋದ ಮೇಲೆ ಗಿರಾಕಿಗಳ ಡಬ್ಬ ಇಳಿಸಿಕೊಳ್ಳಲು ನಾನೇ ನಿಂತೆ. ನಾಲ್ಕು ದಿನದ ಮಟ್ಟಿಗೆ ಎಂದು ನಿಂತವಳು ಅಲ್ಲಿಯೇ ಉಳಿದೆ.

ನಮ್ಮವರ ಕಿವಿ ಯಾವಾಗ ಹೋಯಿತು ಎಂದು ಹೇಳಲು ನನಗೆ ಬರುವುದಿಲ್ಲ. ಮೊದಲು ಹಕ್ಕಿಯ ಸದ್ದು, ಕುಕ್ಕರಿನ ಸೀಟಿ, ಫೋನಿನ ಗಂಟೆ ಹೋದವು. ಆಮೇಲೆ ಹೆಂಗಸರ ಮಾತು. ಕಡೆಗೆ ನನ್ನ ಮಾತು. ಅವರು ಟಿವಿಯ ಮುಂದೆ ಕೂತಿದ್ದರೆ ಎರಡು ಮನೆ ಆಚೆಯವರಿಗೆ ಸುದ್ದಿ ತಿಳಿಯುತ್ತಿತ್ತು. ನಾನು ಅನ್ನ ಬೇಕೇ ಎಂದು ಕೇಳಿದರೆ ನಾವು ಜಗಳವಾಡುತ್ತಿದ್ದೇವೆ ಎಂದು ದಾರಿಯಲ್ಲಿ ಹೋಗುವವರು ತಿರುಗಿ ನೋಡುತ್ತಿದ್ದರು. ದಿನವಿಡೀ ಗಿರಣಿಯಲ್ಲಿ ಕೂಗಿ, ಸಂಜೆ ಮನೆಯಲ್ಲಿ ಮತ್ತೆ ಕೂಗುವುದು ನನ್ನಿಂದ ಆಗುತ್ತಿರಲಿಲ್ಲ. ಏನಾದರೂ ಹೇಳಬೇಕೆನಿಸಿದರೆ, ಕೂಗಿ ಹೇಳುವಷ್ಟು ದೊಡ್ಡ ವಿಷಯವೇ ಇದು ಎಂದು ಮೊದಲು ಯೋಚಿಸತೊಡಗಿದೆ. ಹೆಚ್ಚಿನವು ಅಷ್ಟು ದೊಡ್ಡವಾಗಿರಲಿಲ್ಲ. ಅಂಗಳದ ದಾಸವಾಳ ಹೂ ಬಿಟ್ಟಿತು, ಬಂಗಡೆ ಚೆನ್ನಾಗಿತ್ತು, ಮಗಳ ಧ್ವನಿ ಯಾಕೋ ಸಣ್ಣಗಿತ್ತು, ಇಂಥವು. ಅವನ್ನೆಲ್ಲ ಬಿಟ್ಟ ಮೇಲೆ ಗಂಡ ಹೆಂಡತಿಯ ನಡುವೆ ಕೆಲಸದ ಮಾತು ಮಾತ್ರ ಉಳಿಯುತ್ತದೆ.

ಮಗಳನ್ನು ಅಮದಳ್ಳಿಗೆ ಕೊಟ್ಟಿದ್ದೇವೆ. ಹೋದ ವರ್ಷ ಮಾರ್ಚಿನಲ್ಲಿ ಅವಳು ಬಂದವಳು ಅಡುಗೆಮನೆಯಲ್ಲಿ ನನ್ನ ಬೆನ್ನ ಹಿಂದೆ ನಿಂತು ಏನೋ ಕೇಳಿದಳಂತೆ. ನಾನು ಉತ್ತರ ಕೊಡಲಿಲ್ಲ. ಅವಳು ಹತ್ತಿರ ಬಂದು ಭುಜ ಹಿಡಿದು ತಿರುಗಿಸಿದಳು.

"ಆಯಿ, ನೀನೂ ಈಗ ಎಲ್ಲಾದಕ್ಕೂ ಎಂತ ಎಂತ ಅಂತೆ. ಅಪ್ಪಂದಾಯ್ತು, ಇನ್ನು ನಿಂದಾ?"

"ತೆಂಗಿನಕಾಯಿ ತುರೀತಿದ್ದೆ, ಕೇಳ್ಲಿಲ್ಲ."

"ತುರೂದು ಮುಗ್ಸಿ ಆಗ್ಲೇ ಕೈ ತೊಳ್ಕಂಡಿದ್ದೆ ನೀನು," ಎಂದಳು ಅವಳು.

ಅವಳೇ ಹಟ ಹಿಡಿದು ನಮ್ಮಿಬ್ಬರನ್ನೂ ಕಾರವಾರಕ್ಕೆ ಹೊರಡಿಸಿದಳು. ಬಸ್ಸು ಅಮದಳ್ಳಿಯಲ್ಲಿ ನಿಂತಾಗ ಹತ್ತಿಕೊಂಡು, ತಪ್ಪಿಸಿಕೊಳ್ಳದ ಹಾಗೆ ನಮ್ಮ ಹಿಂದಿನ ಸೀಟಿನಲ್ಲೇ ಕೂತಳು.

ಕಿವಿಯ ಡಾಕ್ಟರು ಹೆಂಗಸು, ಸಮಾಧಾನದವರು. ಮೊದಲು ಪರೀಕ್ಷೆ ಆಗಲಿ ಎಂದರು. ಒಂದು ಸಣ್ಣ ಕೋಣೆ, ಗೋಡೆಗಳಿಗೆಲ್ಲ ಮೆತ್ತನೆಯ ಹೊದಿಕೆ. ಒಳಗೆ ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಕೈಗೊಂದು ಗುಂಡಿ ಕೊಟ್ಟು, ಸದ್ದು ಕೇಳಿದಾಗ ಒತ್ತಿ ಎಂದು ಹೇಳಿ ಬಾಗಿಲು ಹಾಕಿದರು. ಬಾಗಿಲು ಮುಚ್ಚಿಕೊಂಡ ಕೂಡಲೇ ಎಲ್ಲ ಸದ್ದೂ ನಿಂತಿತು. ಫ್ಯಾನಿಲ್ಲ, ಲಾರಿಯಿಲ್ಲ, ಯಾರ ಮಾತೂ ಇಲ್ಲ. ನನಗೆ ಅಳು ಬಂದ ಹಾಗಾಯಿತು, ಯಾಕೆಂದು ಗೊತ್ತಾಗಲಿಲ್ಲ. ಆ ಕುರ್ಚಿಯಲ್ಲಿ ಹಾಗೇ ಕಣ್ಣು ಮುಚ್ಚಿದರೆ ಸಂಜೆಯವರೆಗೆ ಮಲಗಿಬಿಡುತ್ತಿದ್ದೆ. ಎಷ್ಟು ದಣಿದಿದ್ದೇನೆ ಎಂಬುದು ನನಗೆ ಅಲ್ಲಿಯವರೆಗೆ ತಿಳಿದೇ ಇರಲಿಲ್ಲ. ಪರೀಕ್ಷೆ ಮಾಡುವ ಹುಡುಗಿ ಗಾಜಿನ ಆಚೆಯಿಂದ ಕೈ ಮಾಡಿ, ಒತ್ತಿ ಒತ್ತಿ ಎಂದು ಸನ್ನೆ ಮಾಡಿದಾಗ ಎಚ್ಚರಾಯಿತು.

ಆಮೇಲೆ ನಮ್ಮವರು ಒಳಗೆ ಹೋದರು. ಅವರು ಗುಂಡಿಯನ್ನು ಬಿಡದೆ ಒತ್ತುತ್ತಲೇ ಇದ್ದರು. ಹುಡುಗಿ ಎರಡು ಸಲ ಬಾಗಿಲು ತೆರೆದು, ಸದ್ದು ಬಂದಾಗ ಮಾತ್ರ ಒತ್ತಿ ಎಂದು ಜೋರಾಗಿ ಹೇಳಿದಳು. ಅವರು ತಲೆಯಾಡಿಸಿದರು, ಮತ್ತೆ ಒತ್ತಿದರು. ಹೆದರಿದ್ದಾರೆ, ಕೇಳದಿದ್ದರೂ ಕೇಳಿದೆ ಎಂದು ತೋರಿಸಿಕೊಳ್ಳುತ್ತಿದ್ದಾರೆ ಎಂದು ಮಗಳೂ ನಾನೂ ಅಂದುಕೊಂಡೆವು.

ಡಾಕ್ಟರು ಕಾಗದದಲ್ಲಿ ಮೂಡಿದ ಗೆರೆಗಳನ್ನು ನೋಡಿದರು. ನಮ್ಮವರಿಗೆ ಎರಡೂ ಕಿವಿ ಬಹಳ ಹೋಗಿದೆ, ಕಿವಿಗೆ ಮಶೀನು ಹಾಕಿಕೊಳ್ಳುವುದು ಒಳ್ಳೆಯದು ಎಂದರು. ಕಿವಿಯೊಳಗೆ ಗುಂಯ್ ಎಂದು ಏನಾದರೂ ಕೇಳುತ್ತದೆಯೇ ಎಂದು ಅವರ ಹತ್ತಿರ ಬಾಗಿ ಕೇಳಿದರು. ಅವರು ಇಲ್ಲ ಎಂದು ತಲೆ ಅಲ್ಲಾಡಿಸಿದರು. ಮಶೀನಿನ ಮಾತು ಬಂದಾಗಲೂ ಅಷ್ಟೇ, "ನಂಗೆ ಅದೆಲ್ಲ ಬ್ಯಾಡ," ಎಂದರು.

ಆಮೇಲೆ ಡಾಕ್ಟರು ನನ್ನ ಕಡೆ ತಿರುಗಿದರು. "ನಿಮ್ಮದೂ ಶುರುವಾಗಿದೆ ಅಮ್ಮ. ಹೋಗಿದ್ದು ತಿರುಗಿ ಬರೋದಿಲ್ಲ. ಇರೋದನ್ನಾದರೂ ಉಳಿಸಿಕೊಳ್ಳಬೇಕು. ಗಿರಣಿ ಓಡುವಾಗ ಕಿವಿಗೆ ಇಯರ್‌ಮಫ್ ಇಲ್ಲದೆ ನಿಲ್ಲಬೇಡಿ. ಇಬ್ಬರೂ."

ಅದೇ ದಿನ ಕಾರವಾರದ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋದೆವು. ಹೆಲ್ಮೆಟ್ಟು, ಗಮ್‌ಬೂಟುಗಳ ನಡುವೆ ಹಳದಿ ಬಣ್ಣದ ಇಯರ್‌ಮಫ್ ತೂಗುತ್ತಿತ್ತು. ತಲೆಯ ಮೇಲಿಂದ ಬರುವ ಒಂದು ಪಟ್ಟಿ, ಎರಡು ಕಡೆ ಎರಡು ಬಟ್ಟಲು. ಇದ್ದದ್ದು ಅದೊಂದೇ ಬಗೆ. ಅಂಗಡಿಯವನು ಅದರ ಮೇಲೆ ಬರೆದ ನಂಬರು ತೋರಿಸಿ, ಇದಕ್ಕಿಂತ ಹೆಚ್ಚು ಸದ್ದು ತಡೆಯುವುದು ಬೇರೆ ಇಲ್ಲ ಎಂದ. ಹಾಕಿ ನೋಡಿದೆ. ತಲೆಯ ಮೇಲಿನ ಫ್ಯಾನಿನ ಸದ್ದು ನಿಂತಿತು. ಸಾಕು ಎನಿಸಿತು. ನಮ್ಮವರು ಅಂಗಡಿಯ ಹೊರಗೆ ರಸ್ತೆಯ ಕಡೆ ಮುಖ ಮಾಡಿ ನಿಂತಿದ್ದರು. ಅವರಿಗೂ ಒಂದು ತೆಗೆದುಕೊಳ್ಳೋಣವೇ ಎಂದು ಮಗಳು ಸನ್ನೆಯಲ್ಲಿ ಕೇಳಿದ್ದಕ್ಕೆ ಕೈಯಾಡಿಸಿಬಿಟ್ಟರು.

ಅಂಗಡಿಯಲ್ಲಿ ಒಂದು ನಿಮಿಷ ಹಾಕಿ ನೋಡಿದ್ದಕ್ಕೂ ಗಿರಣಿಯಲ್ಲಿ ಅರ್ಧ ದಿನ ಹಾಕಿ ನಿಲ್ಲುವುದಕ್ಕೂ ಸಂಬಂಧವೇ ಇರಲಿಲ್ಲ. ಆ ಹಳದಿ ಬಟ್ಟಲುಗಳು ತಲೆಯನ್ನು ಇಕ್ಕಳದ ಹಾಗೆ ಹಿಡಿದುಕೊಂಡವು. ಹೊತ್ತು ಏರುವುದರೊಳಗೆ ಕನ್ನಡಕದ ಕಡ್ಡಿ ಕಿವಿಯ ಮೇಲಿನ ಎಲುಬಿಗೆ ಒತ್ತಿ ಉರಿ ಎದ್ದಿತು. ಓಲೆಯ ತಿರುಪು ಕಿವಿಯ ಹಿಂದೆ ಚುಚ್ಚಿತು. ಚೈತ್ರದ ಸೆಕೆ ಬೇರೆ; ಬಟ್ಟಲಿನೊಳಗೆ ಬೆವರು ನಿಂತು, ಅದಕ್ಕೆ ಹಿಟ್ಟಿನ ಹುಡಿ ಕೂತು ಅಂಟು ಅಂಟಾಯಿತು. ಮಧ್ಯಾಹ್ನ ಅದನ್ನು ತೆಗೆದಿಟ್ಟಾಗ ದವಡೆಯಿಂದ ನೆತ್ತಿಯವರೆಗೆ ನೋವು.

ಮರುದಿನ ಓಲೆ ತೆಗೆದಿಟ್ಟು ಹಾಕಿಕೊಂಡೆ. ಮೀನು ಮಾರುವ ಒಬ್ಬ ಅಕ್ಕ ನಮ್ಮಲ್ಲಿಗೆ ಗೋಧಿ ತರುತ್ತಾಳೆ. ಮನೆಯಲ್ಲಿ ಕೊಂಕಣಿ ಅವರದು, ನನ್ನ ಹತ್ತಿರ ಎರಡೂ ಕಲಸಿ ಮಾತಾಡುತ್ತಾಳೆ. ಅವಳು ಬುಟ್ಟಿ ಇಳಿಸಿ ನನ್ನ ಬೋಳು ಕಿವಿ ನೋಡಿದಳು.

"ಕಿತೆಂ ಗೊ, ಎಂತ ಆಯ್ತು? ಓಲೆ ಎಲ್ಲಿ?"

ನಾನು ಇಯರ್‌ಮಫ್ ತೋರಿಸಿ ಹೇಳಿದೆ. ಅವಳು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಇದ್ಕೆ ಕಿವಿಯೋಲೆ ಬಿಚ್ಚುದಾ? ನಮ್ಮ ಮಾತು ಕೇಳೂದು ಬ್ಯಾಡಾಯ್ತು ನಿಂಗೆ," ಎಂದಳು. ತಮಾಷೆಗೆ ಹೇಳಿದ್ದು ಅರ್ಧ. ಗಿರಣಿಗೆ ಬರುವ ಹೆಂಗಸರು ಹಿಟ್ಟಿಗಾಗಿ ಮಾತ್ರ ಬರುವುದಿಲ್ಲ. ಅಲ್ಲಿ ಕೂತು ನಾಲ್ಕು ಮಾತಾಡಿ ಹೋಗುವುದಕ್ಕೂ ಬರುತ್ತಾರೆ. ನಾನು ಕಿವಿ ಮುಚ್ಚಿಕೊಂಡು ನಿಂತಿದ್ದು ಕೆಲವರಿಗೆ ಸೊಕ್ಕಿನ ಹಾಗೆ ಕಂಡಿತು.

ವಾರದೊಳಗೆ ಹಳದಿಯದು ಕಪಾಟು ಸೇರಿತು. ಔಷಧದ ಅಂಗಡಿಯಲ್ಲಿ ಕಿವಿಯೊಳಗೆ ತುರುಕುವ ಸ್ಪಂಜಿನ ಬಿರಡೆ ಸಿಗುತ್ತದೆ ಎಂದು ಯಾರೋ ಹೇಳಿದರು. ಅದನ್ನು ಬೆರಳಲ್ಲಿ ಹೊಸೆದು ಸಣ್ಣ ಮಾಡಿ ತುರುಕಿದರೆ ಒಳಗೆ ಹಿಗ್ಗಿ ಕೂರುತ್ತದೆ. ಓಲೆಗೂ ಕನ್ನಡಕಕ್ಕೂ ತೊಂದರೆಯಿಲ್ಲ, ಇದೇ ಸರಿ ಎಂದುಕೊಂಡೆ. ಅದು ಮೆಣಸಿನ ಕಾಲ. ಮಳೆಗಾಲಕ್ಕೆ ಮೊದಲು ಊರಿನವರೆಲ್ಲ ವರ್ಷದ ಮೆಣಸನ್ನು ಬಿಸಿಲಿಗೆ ಹಾಕಿ ತರುತ್ತಾರೆ. ಮೆಣಸಿನ ಪುಡಿ ತುಂಬುತ್ತಿದ್ದ ಕೈಯನ್ನು ಸೆರಗಿಗೆ ಒರೆಸಿಕೊಂಡು, ಬಿರಡೆಯನ್ನು ಹೊಸೆದು ಕಿವಿಗಿಟ್ಟೆ. ಆಮೇಲಿನದನ್ನು ಹೇಳುವುದು ಬೇಡ. ಬಚ್ಚಲಲ್ಲಿ ತಲೆ ಓರೆ ಮಾಡಿ ಕೂತು ಕಿವಿಗೆ ಕೊಬ್ಬರಿ ಎಣ್ಣೆ ಬಿಟ್ಟುಕೊಂಡೆ. ನಮ್ಮವರು ಬಾಗಿಲಲ್ಲಿ ನಿಂತು, ಏನಾಯಿತು ಎಂದು ಕೇಳುತ್ತಲೇ ಇದ್ದರು. ಕೂಗಿ ಹೇಳುವ ತ್ರಾಣ ನನಗಿರಲಿಲ್ಲ.

ನನ್ನ ತಮ್ಮ ಬಿಣಗಾದಲ್ಲಿದ್ದಾನೆ. ಅಲ್ಲಿಯ ಕಾರ್ಖಾನೆಯೊಂದರಲ್ಲಿ ಗುತ್ತಿಗೆಯ ಕೆಲಸ, ಹೆದ್ದಾರಿಯ ಬದಿಯ ಸಾಲುಮನೆಯಲ್ಲಿ ಹೆಂಡತಿಯ ಜೊತೆ ವಾಸ. ಫೋನಿನಲ್ಲಿ ಈ ಕತೆ ಕೇಳಿ ಅವನು ನಗಲಿಲ್ಲ. "ಭಾನುವಾರ ಬಾ ಅಕ್ಕಾ. ನನ್ನ ಹತ್ರ ಇದ್ದದ್ದು, ಪಕ್ಕದ ಮನೆಯವ್ರದ್ದು, ಎಲ್ಲ ಇಡ್ತೆ. ಹಾಕಿ ನೋಡು. ಆಮೇಲೆ ತಕಂಡ್ರಾಯ್ತು," ಎಂದ.

ನಾನು ಒಬ್ಬಳೇ ಹೋದೆ. ನಮ್ಮವರನ್ನು ಕರೆದೆ, ಮೆಣಸಿನ ಮಶೀನಿನ ಬೇರಿಂಗು ನೋಡಬೇಕು ಎಂದು ಉಳಿದುಕೊಂಡರು. ಭಾನುವಾರ ಗಿರಣಿಗೆ ರಜೆ. ಆದರೂ ಅವರು ಮಧ್ಯಾಹ್ನದ ಹೊತ್ತು ಒಳಗೆ ಹೋಗಿ ಆ ಮಶೀನನ್ನು ಖಾಲಿಯಾಗಿ ಓಡಿಸುತ್ತಾ ಕೂರುತ್ತಿದ್ದರು. ಕೇಳಿದರೆ ಯಾವಾಗಲೂ ಬೇರಿಂಗಿನ ನೆಪ.

ತಮ್ಮ ಚಾಪೆಯ ಮೇಲೆ ಮೂರ್ನಾಲ್ಕು ಇಯರ್‌ಮಫ್ ಇಟ್ಟುಕೊಂಡು ಕೂತಿದ್ದ. ನಾನು ಒಂದನ್ನು ಹಾಕಿ, ಚೆನ್ನಾಗಿದೆ ಎಂದು ತೆಗೆಯಲು ಹೋದೆ. ಅವನು ತಡೆದ.

"ಹಂಗೆ ತಿಳಿಯುದಿಲ್ಲ. ಹಾಕ್ಕಂಡೇ ಇರು. ಒಳಗೆ ಹೋಗಿ ಅವಳಿಗೆ ಮೀನು ಕೊಯ್ದು ಕೊಡು. ಬಗ್ಗು, ಏಳು, ತಲೆ ತಿರ್ಗ್ಸು. ನೋವು ಶುರು ಆದ್ರೆ ತೆಗಿ, ಮತ್ತೊಂದು ಹಾಕು."

ಹಾಗೆ ನಾನು ತಮ್ಮನ ಮನೆಯ ಹಿತ್ತಲಲ್ಲಿ ಕಿವಿಗೆ ಬಟ್ಟಲು ಕಟ್ಟಿಕೊಂಡು ಕೂತು ನೊಗಲಿ ಮೀನು ಕೊಯ್ದೆ. ನಾದಿನಿ ನಗುವುದು ಕಾಣುತ್ತಿತ್ತು, ಕೇಳುತ್ತಿರಲಿಲ್ಲ. ಹೆದ್ದಾರಿಯ ಲಾರಿಗಳು ದೂರ ಎಲ್ಲೋ ಹೋದ ಹಾಗಿತ್ತು. ಮೊದಲನೆಯದರ ಬಟ್ಟಲು ಸಣ್ಣದು, ಕಿವಿ ಪೂರ್ತಿ ಒಳಗೆ ಸೇರದೆ ಅಂಚು ಕಿವಿಯ ಮೇಲೇ ಕೂತು ನೋಯಿಸಿತು. ಇನ್ನೊಂದು ಭಾರ, ಬಗ್ಗಿದರೆ ಮುಂದಕ್ಕೆ ಜಾರಿತು. ಪಟ್ಟಿ ಕತ್ತಿನ ಹಿಂದೆ ಬರುವಂಥದ್ದು ನನ್ನ ತುರುಬಿಗೆ ಅಡ್ಡಬಂತು. ಕಡೆಗೆ ತಮ್ಮನದೇ ಒಂದನ್ನು ಹಾಕಿದೆ. ಕಪ್ಪು ಬಣ್ಣದ್ದು, ಹಗುರ. ಬಟ್ಟಲು ಅಗಲವಾಗಿ, ಆಳವಾಗಿ, ಓಲೆ ಸಮೇತ ಕಿವಿ ಒಳಗೆ ಕೂರುವಷ್ಟಿತ್ತು. ಅಂಚಿನ ಗಾದಿ ಎಷ್ಟು ಮೆತ್ತಗೆಂದರೆ ಕನ್ನಡಕದ ಕಡ್ಡಿಯ ಸುತ್ತ ತಾನೇ ತಗ್ಗಿ ಕೂತುಕೊಂಡಿತು. ಮೀನು ಕೊಯ್ದು, ತೊಳೆದು, ಅರಿಶಿನ ಉಪ್ಪು ಹಚ್ಚಿಟ್ಟರೂ ಅದು ತಲೆಯ ಮೇಲಿರುವುದು ನೆನಪಾಗಲಿಲ್ಲ.

"ಇದ್ರ ನಂಬರು ಅಂಗಡಿಯವ್ನು ಕೊಟ್ಟಿದ್ದಕ್ಕಿಂತ ಕಡಿಮಿ," ಎಂದೆ.

"ಬರೀ ನಂಬರು ನೋಡಿ ತಕಂಡ್ರೆ ಆಗುದಿಲ್ಲ ಅಕ್ಕಾ. ಹೆಚ್ಚು ನಂಬರಿಂದು ಅರ್ಧ ಗಂಟೆ ಹಾಕಿ ತೆಗ್ದಿಟ್ರೆ ಎಂತ ಬಂತು? ಕಡಿಮಿದು ಇಡೀ ದಿನ ತಲೆ ಮೇಲಿರ್ಲಿ. ಮತ್ತೆ ಪೂರ್ತಿ ಸದ್ದು ಸಾಯೂದೂ ಬ್ಯಾಡ. ಮಶೀನಿನ ಪಟ್ಟಾ ಹರಿದ್ರೆ, ಯಾರಾದ್ರೂ ಕೂಗಿದ್ರೆ ತಿಳಿಬೇಕಲ್ಲ." ಅದರ ಹೆಸರು ಚೀಟಿಯಲ್ಲಿ ಬರೆದಿಟ್ಟು, "ಭಾವಂಗೂ ಒಂದು ತರ್ಸ್ತೆ," ಎಂದ.

"ಅವ್ರದ್ದು ಹೋಗಿ ಆಯ್ತಲ್ಲ. ಹಾಕೂದೂ ಇಲ್ಲ."

"ಉಳದದ್ದಾದ್ರೂ ಇರ್ಲಿ. ನೀ ಕೊಟ್ಟು ನೋಡು."

ಅವನ ಮುಖ ಆಗ ಸರಿಯಾಗಿ ನೋಡಿದೆ. ರಾತ್ರಿಪಾಳಿ ಮುಗಿಸಿ ಬಂದವನು ನನಗಾಗಿ ಮಲಗದೇ ಕೂತಿದ್ದ. ಕಣ್ಣ ಕೆಳಗೆ ಕಪ್ಪಾಗಿತ್ತು. ಊಟವಾದ ಮೇಲೆ ಕೂತಲ್ಲೇ ನಿದ್ದೆ ಹೋದ. ಎಬ್ಬಿಸದೆ ನಾದಿನಿಗೆ ಹೇಳಿ ಬಸ್ಸು ಹಿಡಿದೆ.

ತಮ್ಮ ತರಿಸಿದ ಎರಡೂ ಬಂದವು. ನನ್ನದರ ಗಾದಿಗೆ ಹಳೆಯ ವಾಯಿಲ್ ಸೀರೆಯ ತುಂಡಿನಿಂದ ತೆಳ್ಳಗೆ ಗವಸು ಹೊಲಿದುಕೊಂಡೆ, ಬೆವರು ಹೀರಲೆಂದು. ಬಟ್ಟೆ ದಪ್ಪವಾದರೆ ಸಂದಿಯಿಂದ ಸದ್ದು ನುಗ್ಗುತ್ತದೆ ಎಂದು ತಮ್ಮ ಹೇಳಿದ್ದ. ದಿನಾ ರಾತ್ರಿ ಗವಸು ಒಗೆದು ಹಾಕುವುದು, ಬೆಳಿಗ್ಗೆ ತೊಡಿಸುವುದು ರೂಢಿಯಾಯಿತು. ಗಿರಾಕಿಗಳು ಬಂದರೆ ಒಂದು ಬಟ್ಟಲು ಮೇಲೆತ್ತದೆ, ಮೊದಲು ಮಶೀನು ನಿಲ್ಲಿಸಿ, ಆಮೇಲೆ ಎರಡೂ ತೆಗೆದು ಮಾತಾಡತೊಡಗಿದೆ. ಹೀಗೆ ಮಾಡಿದ್ದರಿಂದ ಸಿಟ್ಟಾದವರೂ ಸಮಾಧಾನವಾದರು. ಸಂಜೆಯ ತಲೆನೋವು ಕಡಿಮೆಯಾಯಿತು. ಇಷ್ಟು ವರ್ಷ ಅದು ಇಡೀ ದಿನ ನಿಂತು ಬಂದ ನೋವು ಎಂದು ನಾನು ತಿಳಿದಿದ್ದೆ.

ನಮ್ಮವರು ಎರಡು ದಿನ ಹಾಕಿಕೊಂಡರು. ತಮ್ಮ ಕೊಟ್ಟಿದ್ದು ಎಂಬ ಮುಲಾಜಿಗೆ. ಮೂರನೆಯ ದಿನ ಅದು ಕ್ಯಾಲೆಂಡರಿನ ಮೊಳೆಗೆ ತೂಗಿತ್ತು. ನಾನು ತೆಗೆದು ಕೈಗೆ ಕೊಟ್ಟೆ, ಅವರು ಮತ್ತೆ ಮೊಳೆಗೆ ಹಾಕಿದರು. ಮಾತಿಲ್ಲದೆ ಹೀಗೆ ಬಹಳ ದಿನ ನಡೆಯಿತು. ಅವರ ಮುಖ ಗಂಟಿಕ್ಕಿಕೊಂಡೇ ಇತ್ತು. ಅವರ ಅಪ್ಪನ ಗಿರಣಿ ನನ್ನ ಕಿವಿ ಹಾಳು ಮಾಡಿತು ಎಂದು ಊರಿಗೆಲ್ಲ ತೋರಿಸುತ್ತಿದ್ದೇನೆ ಎಂದು ಅವರಿಗೆ ಅನಿಸಿರಬೇಕು ಅಂತ ನಾನು ಲೆಕ್ಕ ಹಾಕಿದ್ದೆ.

ಮೇ ತಿಂಗಳ ಒಂದು ಮಧ್ಯಾಹ್ನ ಕರೆಂಟು ಹೋಯಿತು. ಮೆಣಸಿನ ಚೀಲಗಳು ಸಾಲಾಗಿ ಕಾದಿದ್ದವು. ಗಿರಾಕಿಗಳು ಕರೆಂಟು ಬಂದಮೇಲೆ ಬರುತ್ತೇವೆ ಎಂದು ಹೋದರು. ಕರೆಂಟು ಹೋದರೆ ನಮ್ಮವರಿಗೆ ಮೊದಲಿಂದಲೂ ಚಡಪಡಿಕೆ. ಗಿರಣಿಯೊಳಗೆ ಆ ಕಡೆ ಈ ಕಡೆ ತಿರುಗಿದರು, ರಸ್ತೆಗೆ ಹೋಗಿ ನಿಂತರು, ಮತ್ತೆ ಬಂದರು. ನನಗೆ ಕೂತರೆ ಸಾಕಾಗಿತ್ತು. ಮೊಳೆಯಲ್ಲಿ ತೂಗುತ್ತಿದ್ದ ಇಯರ್‌ಮಫ್ ಕಣ್ಣಿಗೆ ಬಿತ್ತು. ಎದ್ದು ಹೋಗಿ ಅದನ್ನು ತೆಗೆದು ಅವರ ಮುಂದೆ ಹಿಡಿದೆ.

"ತಮ್ಮ ನಿದ್ದೆಗೆಟ್ಟು ತರ್ಸಿದ್ದು ಇದು. ಯಾಕೆ ಹಾಕೂದಿಲ್ಲ ನೀವು? ಇದ್ದದ್ದೂ ಪೂರ್ತಿ ಹೋಗ್ಲಿ ಅಂತಲಾ? ಕೂಗಿ ಕೂಗಿ ನನ್ನ ಗಂಟ್ಲು ಹೋಯ್ತು. ನಂಗಿನ್ನು ಆಗುದಿಲ್ಲ."

ಮಶೀನು ನಿಂತಿದೆ ಎಂಬುದೂ ನನಗೆ ಮರೆತುಹೋಗಿತ್ತು. ನನ್ನ ಕೂಗು ಖಾಲಿ ಗಿರಣಿಯಲ್ಲಿ ಎಷ್ಟು ದೊಡ್ಡದಾಗಿ ಕೇಳಿತೆಂದರೆ ಎದುರು ಮನೆಯ ಕಿಟಕಿ ತೆರೆದುಕೊಂಡಿತು.

ಅವರು ಮೆಣಸಿನ ಚೀಲದ ಮೇಲೆ ಕೂತರು. ಸಾಮಾನ್ಯವಾಗಿ ಅವರ ಮಾತೂ ಜೋರು, ತಮ್ಮ ಧ್ವನಿ ತಮಗೇ ಕೇಳುವುದಿಲ್ಲವಲ್ಲ. ಆವತ್ತು ಮಾತ್ರ ನಾನೇ ಬಗ್ಗಿ ಕೇಳಬೇಕಾಯಿತು.

"ಹಾಕಿದ್ರೆ ಒಳಗಿಂದು ಜಾಸ್ತಿ ಆಗ್ತದೆ."

"ಎಂತ ಒಳಗಿಂದು?"

"ಸೀಟಿ. ಕಿವಿಯೊಳಗೆ. ನಿಲ್ಲೂದೇ ಇಲ್ಲ ಅದು." ಅವರು ಎರಡೂ ಕೈಗಳನ್ನು ಕಿವಿಯ ಹತ್ತಿರ ತಂದು, ಮುಟ್ಟದೆ ಕೆಳಗಿಳಿಸಿದರು. "ಮಶೀನು ಓಡುವಾಗ ಅದು ಕೇಳುದಿಲ್ಲ. ಮಶೀನು ನಿಂತ್ರೆ ಅದೊಂದೇ. ಇದು ಹಾಕ್ಕಂಡ್ರೆ ಮಶೀನೂ ಹೋಗ್ತದೆ, ಅದೊಂದೇ ಉಳೀತದೆ."

"ಯಾವಾಗಿಂದ?"

"ಮಗಳು ಸಣ್ಣಕಿದ್ದಾಗಿಂದ ಅದೆ."

ಕಾರವಾರದ ಆ ಕೋಣೆಯಲ್ಲಿ ಅವರು ಗುಂಡಿಯನ್ನು ಬಿಡದೆ ಒತ್ತಿದ್ದೇಕೆ ಎಂದು ಆಗ ಅರ್ಥವಾಯಿತು. ಅವರಿಗೆ ಕೇಳುತ್ತಲೇ ಇತ್ತು. ನನಗೆ ನಿದ್ದೆ ಬರಿಸಿದ ಆ ಮೌನದೊಳಗೆ ಅವರು ಸೀಟಿಯ ಜೊತೆ ಒಬ್ಬರೇ ಕೂತಿದ್ದರು. ಭಾನುವಾರ ಮಶೀನನ್ನು ಖಾಲಿ ಓಡಿಸುವುದು, ಚಳಿಗಾಲದಲ್ಲೂ ಫ್ಯಾನು ಜೋರಾಗಿ ಇಡುವುದು, ಟಿವಿ, ಎಲ್ಲದಕ್ಕೂ ಅದೇ ಕಾರಣವಾಗಿತ್ತು.

"ಡಾಕ್ಟರು ಕೇಳ್ದಾಗ ಹೇಳೂಕೆ ಎಂತ ಆಗಿತ್ತು?"

"ತಲೆ ಕೆಟ್ಟದೆ ಅಂದ್ರೆ ಎಂತ ಮಾಡೂದು, ಮಗಳ ಎದ್ರಿಗೆ," ಎಂದರು ಅವರು.

ನಾನು ಇನ್ನೊಂದು ಚೀಲದ ಮೇಲೆ ಕೂತೆ. ಸಿಟ್ಟು ಇಳಿದ ಮೇಲೆ ಏನೂ ಉಳಿದಿರಲಿಲ್ಲ, ದಣಿವು ಮಾತ್ರ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದು ಅವರು ಸದ್ದನ್ನು ಹುಡುಕುತ್ತಿದ್ದರು, ನಾನು ಸದ್ದಿನಿಂದ ತಪ್ಪಿಸಿಕೊಳ್ಳುತ್ತಿದ್ದೆ. ಕರೆಂಟು ಬರುವವರೆಗೆ ಇಬ್ಬರೂ ಹಾಗೇ ಕೂತಿದ್ದೆವು. ಅವರ ಕಾಲು ಒಂದೇ ಸಮ ಅಲುಗುತ್ತಿತ್ತು. ನಾನು ಅವರ ಮೊಣಕಾಲಿನ ಮೇಲೆ ಕೈಯಿಟ್ಟೆ. 

ಮತ್ತೆ ಕಾರವಾರಕ್ಕೆ ಹೋದೆವು, ಈ ಸಲ ಮಗಳಿಲ್ಲದೆ ಇಬ್ಬರೇ. ಡಾಕ್ಟರಿಗೆ ನಮ್ಮವರೇ ಹೇಳಿದರು. ಡಾಕ್ಟರು ಆಶ್ಚರ್ಯಪಡಲಿಲ್ಲ. ಸದ್ದಿನಲ್ಲಿ ಕೆಲಸ ಮಾಡಿದ ಬಹಳ ಜನರಿಗೆ ಹೀಗಾಗುತ್ತದೆ, ತಲೆ ಕೆಟ್ಟಿದ್ದಲ್ಲ ಎಂದು ಒಂದು ಹಾಳೆಯಲ್ಲಿ ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದರು. ನಮ್ಮವರು ಅದನ್ನು ಎರಡು ಸಲ ಓದಿದರು. ಸೀಟಿಯನ್ನು ಪೂರ್ತಿ ನಿಲ್ಲಿಸುವ ಔಷಧವಿಲ್ಲ. ಕಿವಿಗೆ ಮಶೀನು ಹಾಕಿ ಹೊರಗಿನ ಮಾತು ಕೇಳತೊಡಗಿದರೆ ಕೆಲವರಿಗೆ ಒಳಗಿನದು ಹಿಂದೆ ಸರಿಯುತ್ತದೆ, ಸುತ್ತ ಮೆಲ್ಲನೆಯ ಸದ್ದು ಯಾವುದಾದರೂ ಇದ್ದರೆ ಒಳ್ಳೆಯದು ಎಂದರು. ಗಿರಣಿಯಲ್ಲಿ ಮಾತ್ರ ಕಿವಿ ಮುಚ್ಚಲೇಬೇಕು, ಆ ಸದ್ದು ಇದ್ದದ್ದನ್ನು ಇನ್ನೂ ಕೆಡಿಸುತ್ತದೆ.

"ಒಳಗೆ ರೇಡಿಯೋ ಇರುವ ಇಯರ್‌ಮಫ್ ಬರುತ್ತದೆ," ಎಂದರು ಡಾಕ್ಟರು. "ಎಷ್ಟು ತಿರುಗಿಸಿದರೂ ಒಂದು ಮಿತಿಗಿಂತ ಜೋರಾಗದಂಥದ್ದು ನೋಡಿ ತಗೊಳ್ಳಿ."

ಅದನ್ನು ಹುಡುಕಿ ತರಿಸುವಷ್ಟರಲ್ಲಿ ಮಳೆಗಾಲ ಬಂತು. ತಮ್ಮನೇ ಎರಡು ಕಡೆ ಕೇಳಿ, ನಮ್ಮವರ ತಲೆಯ ಅಳತೆಗೆ ಹೊಂದುವುದನ್ನು ನೋಡಿ ತರಿಸಿದ. ಮೊದಲ ದಿನ ಅವರು ಅದನ್ನು ಹಾಕಿಕೊಂಡು ಬಾಗಿಲಿಗೆ ಒರಗಿ ಬಹಳ ಹೊತ್ತು ನಿಂತರು. ಕಲ್ಲಿನ ಮಶೀನು ಓಡುತ್ತಿತ್ತು. ನಾನು ಹೇಗಿದೆ ಎಂದು ಕೈಯಲ್ಲೇ ಕೇಳಿದೆ. ಅವರು ಮಶೀನು ನಿಲ್ಲಿಸಿ ಬಂದು ಹೇಳಿದರು.

"ರೇಡಿಯೋದ ಮಾತು ತಿಳಿಯುದಿಲ್ಲ. ಗುಜುಗುಜು ಅಂತದೆ, ಅಷ್ಟೇ. ಆಗ್ತದೆ."

ಒಳ್ಳೆಯದಾಯಿತು ಎಂದು ಅವರು ಈವರೆಗೂ ಹೇಳಿಲ್ಲ. ಕೆಲವು ದಿನ ತಲೆ ಹಿಡಿದು ಕೂರುತ್ತಾರೆ, ಇವತ್ತು ಸೀಟಿ ಜೋರು ಎನ್ನುತ್ತಾರೆ. ಮೊದಲು ಹಾಗೆ ಹೇಳುತ್ತಿರಲಿಲ್ಲ, ಈಗ ಹೇಳುತ್ತಾರೆ. ಒಂದು ಕಿವಿಗೆ ಮಶೀನು ಹಾಕಿಸಿಕೊಂಡಿದ್ದಾರೆ. ಅದನ್ನು ಊಟದ ಹೊತ್ತಿಗೆ ಮತ್ತು ಮಗಳ ಫೋನು ಬಂದಾಗ ಹಾಕಿಕೊಳ್ಳುತ್ತಾರೆ. ಉಳಿದ ಹೊತ್ತು ಬೇಸರ ಎಂದು ತೆಗೆದಿಡುತ್ತಾರೆ. ಊಟಕ್ಕೆ ಕೂತಾಗ ನಾನು ಕೂಗಬೇಕಾಗಿಲ್ಲ. ಕೂಗದೆ ಏನು ಮಾತಾಡುವುದು ಎಂದು ಮೊದಮೊದಲು ಇಬ್ಬರಿಗೂ ಹೊಳೆಯುತ್ತಿರಲಿಲ್ಲ. ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ಮೆಲ್ಲಗೆ ಕೇಳಿದೆ. ಸರಿಯಾಗಿದೆ ಎಂದರು. ನಾನು ಇನ್ನೊಂದು ಸೌಟು ಬಡಿಸಿದೆ.

ಮಳೆ ಮುಗಿದ ಮೇಲೆ ಮೆಣಸಿನ ಮಶೀನನ್ನು ಕೊಟ್ಟುಬಿಡೋಣ ಎಂದು ಅವರೇ ಮಾತು ಎತ್ತಿದರು. ನನಗೆ ನಂಬಿಕೆಯಾಗಲಿಲ್ಲ.

"ಮಾವ ಇದ್ದಾಗಿಂದ ಇದ್ದದ್ದು," ಎಂದೆ.

"ಹೌದು. ಅದ್ರ ಮುಂದೆ ನಿಂತ್ರೆ ಇಬ್ರಿಗೂ ಆಗುದಿಲ್ಲ ಈಗ. ಕಲ್ಲಿಂದು ಸಾಕು. ಬೆಳಿಗ್ಗೆ ಓಡ್ಸುವ, ಮಧ್ಯಾಹ್ನ ಬಾಗ್ಲು ಹಾಕುವ."

ಘಟ್ಟದ ಮೇಲಿನವರೊಬ್ಬರು ಬಂದು ಟೆಂಪೋದಲ್ಲಿ ಹೇರಿಕೊಂಡು ಹೋದರು. ಅದು ನಿಂತಿದ್ದ ಜಾಗದಲ್ಲಿ ನೆಲ ಕೆಂಪಾಗಿತ್ತು, ಎಷ್ಟು ತೊಳೆದರೂ ಕೆಂಪು ಹೋಗಲಿಲ್ಲ. ಅಲ್ಲೊಂದು ಬೆಂಚು ಹಾಕಿದೆವು.

ಮೀನಿನ ಅಕ್ಕ ಆ ವಾರ ಗೋಧಿ ತಂದಳು. ಬೆಂಚನ್ನೂ ಖಾಲಿ ಮೂಲೆಯನ್ನೂ ನೋಡಿದಳು.

"ಮೆಣಸು ಇನ್ನು ಎಲ್ಲಿ ಮಾಡ್ಸುದು ನಾವು?"

ಬಸ್‌ಸ್ಟ್ಯಾಂಡಿನ ಕಡೆ ಇನ್ನೊಂದು ಗಿರಣಿ ಇದೆ ಎಂದು ಹೇಳಿದೆ.

"ಅಲ್ಲಿ ಕೂರೂಕೆ ಜಾಗ ಇಲ್ಲ ಮಾರಾಯ್ತಿ," ಎಂದಳು ಅವಳು. ಬುಟ್ಟಿ ಕೆಳಗಿಟ್ಟು, ಬೆಂಚಿನ ಮೇಲೆ ಕೂತು ಕಾಲು ಚಾಚಿದಳು. ನಮ್ಮವರು ಗೋಧಿ ಅಳೆದು ಸುರಿಯಲು ಹೋದರು, ನಾನು ಹಿಟ್ಟಿನ ಡಬ್ಬ ಒರೆಸತೊಡಗಿದೆ.